ಐನೋರು ಚಡ್ಡಿ ಹಾಕಿದ ವರ್ಷ

ನಮ್ಮ ಯಜಮಾನರು ಸಿದ್ದಲಿಂಗಸ್ವಾಮಿಗಳು ಮನೆಮನೆಗೆ ಹೋಗಿ ಪೂಜೆ ಮಾಡಿಸುವ ಐನೋರು. ಗೃಹಪ್ರವೇಶ, ನಾಮಕರಣ, ಮದುವೆ, ಯಾವುದಿದ್ದರೂ ನಮ್ಮ ಕಡೆಯ ಜನಕ್ಕೆ ಇವರೇ ಬೇಕು. ಹೋದಲ್ಲೆಲ್ಲ ಜನ ಇವರ ಕಾಲಿಗೆ ಬೀಳುತ್ತಾರೆ. ಬಿದ್ದವರು ಎದ್ದು ಹೋಳಿಗೆ ಬಡಿಸುತ್ತಾರೆ, ಮೇಲೆ ತುಪ್ಪ ಸುರಿಯುತ್ತಾರೆ. ಬೇಡ ಅನ್ನುವ ಮಾತು ಇವರ ಬಾಯಿಗೆ ಬರುವುದು ನಾನು ಬಡಿಸುವಾಗ ಮಾತ್ರ. ಐವತ್ತು ತುಂಬುವಷ್ಟರಲ್ಲಿ ಸಕ್ಕರೆ ಏರಿತು, ಹೊಟ್ಟೆ ಜೋತುಬಿತ್ತು. ಡಾಕ್ಟರು ದಿನಾ ನಡೆಯಿರಿ ಎಂದರು.

ನಡೆಯಲು ಹೇಳಿದರೆ ಈ ಮನುಷ್ಯ ಓಡಲು ಶುರುಮಾಡಿದರು. ಎಲ್ಲ ನಮ್ಮ ಮಗಳು ನಿಶ್ಚಿತಾಳ ಕಿತಾಪತಿ. ಹಾಫ್ ಮ್ಯಾರಥಾನಿಗೆ ಅಪ್ಪನ ಹೆಸರು ಬರೆಸಿಬಿಟ್ಟಳು. ಇಪ್ಪತ್ತೊಂದು ಕಿಲೋಮೀಟರ್! ಇವರೋ ಬೀದಿ ಕೊನೆಯ ಅಂಗಡಿಗೂ ಸ್ಕೂಟರ್ ತೆಗೆಯುವವರು. ಮೊದಲ ದಿನ ಚಡ್ಡಿ ಹಾಕಿಕೊಂಡು ನಡುಮನೆಗೆ ಬಂದಾಗ, ಅಯ್ಯೋ ಶಿವನೇ, ಮದುವೆಯಾಗಿ ಇಷ್ಟು ವರ್ಷವಾದರೂ ಆ ಕಾಲುಗಳನ್ನು ನಾನು ಅಷ್ಟು ಬೆಳಕಿನಲ್ಲಿ ನೋಡಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅಭ್ಯಾಸ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ. ಬೆಳಗ್ಗೆ ಅಲ್ಲಿ ಅರ್ಧ ಊರೇ ವಾಕಿಂಗ್ ಬಂದಿರುತ್ತದೆ. ಇವರ ಹಣೆಯ ವಿಭೂತಿ ಕಂಡದ್ದೇ ತಡ, "ಶರಣು ಐನೋರೇ" ಎಂದು ಅಡ್ಡಬಂದು ಶೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಕಾಲಿಗೆ ಬಿದ್ದವರನ್ನು ದಾಟಿಕೊಂಡು ಓಡಲಾಗುತ್ತದೆಯೇ? ನಿಲ್ಲಬೇಕು, ಆಶೀರ್ವಾದ ಮಾಡಬೇಕು. ಅವರು ಎದ್ದ ಮೇಲೆ ಮಗಳ ಜಾತಕ, ಸೊಸೆಯ ಸೀಮಂತ. ಹಣೆ ಮುಚ್ಚುವಂತೆ ಟೋಪಿ ಹಾಕಿ ನೋಡಿದರು; ಜನ ಹೊಟ್ಟೆ ನೋಡಿ ಗುರುತು ಹಿಡಿದರು. ಕೊನೆಗೆ ಹೆಬ್ಬಾಳದ ಕಾರ್ಖಾನೆಗಳ ಹಿಂದಿನ ರಸ್ತೆಗೆ ಹೋಗತೊಡಗಿದರು. ಶಿಫ್ಟಿನ ಬಸ್ಸು ಹಿಡಿಯುವವರಿಗೆ ಯಾರ ಕಾಲಿಗೂ ಬೀಳುವ ಪುರಸೊತ್ತಿಲ್ಲ. ಅಲ್ಲಿಂದ ಬರುವಾಗ ಇವರ ಮುಖ ಬೇರೆಯೇ ಆಗಿರುತ್ತಿತ್ತು.

ಒಂದು ಸಂಜೆ ಇವರ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕೇಳಿದೆ.

"ಯಾಕ್ರೀ ಈ ವಯಸ್ಸಲ್ಲಿ ಈ ಒದ್ದಾಟ? ನಡೆದ್ರೆ ಸಾಲ್ದಾ?"

"ಅಪ್ಪ ಹೋದಾಗ ನಾನಿನ್ನೂ ಹೈಸ್ಕೂಲು. ಅವತ್ತಿಂದ ಬೇರೆಯವ್ರ ಮನೆ ಶುಭಕಾರ್ಯದಲ್ಲೇ ಬದುಕ್ಬುಟ್ಟೆ. ಇದೊಂದು ನಂದು ಕಣೇ ಮಂಗಳಾ. ಮುಗಿಸ್ಬೇಕು."

ಇನ್ನೊಂದು ಕಾಲು ಕೊಡಿ ಎಂದೆ.

ಇಂಥ ಮಹಾನುಭಾವರು ಮಾಡಿದ್ದೇನು ಗೊತ್ತೇ? ಹೆಬ್ಬಾಳದಲ್ಲಿ ಹೊಸ ಮನೆ ಕಟ್ಟಿಸಿದ ಮಹದೇವಯ್ಯನವರು ಗೃಹಪ್ರವೇಶಕ್ಕೆ ಮುಹೂರ್ತ ಕೇಳಲು ಬಂದರು. ಇವರು ಪಂಚಾಂಗ ಬಿಡಿಸಿ, ಕಾರ್ತಿಕದ ಒಂದು ಭಾನುವಾರ ಬೆಳಗ್ಗೆ ಒಂಬತ್ತು ಗಂಟೆಗೆ ಲಗ್ನ ಇಟ್ಟು, ಈ ವರ್ಷದಲ್ಲಿ ಇಂಥದ್ದು ಇನ್ನೊಂದಿಲ್ಲ ಎಂದು ಹೊಗಳಿ ಕಳಿಸಿದರು. ವಾರದ ಮೇಲೆ ವಿಷಯ ತಿಳಿದು ನಿಶ್ಚಿತಾ ತಲೆ ಚಚ್ಚಿಕೊಂಡಳು. ಓಟವೂ ಅದೇ ಭಾನುವಾರ! ಆಕಾಶದ ಗ್ರಹಗಳನ್ನೆಲ್ಲ ನೋಡಿದವರು ಗೋಡೆಯ ಕ್ಯಾಲೆಂಡರ್ ನೋಡಿರಲಿಲ್ಲ. ಅಷ್ಟರಲ್ಲಿ ಕಾರ್ಡು ಅಚ್ಚಾಗಿ ಹಂಚಿಯೂ ಆಗಿತ್ತು. ತಾವೇ ಹೊಗಳಿದ ಲಗ್ನವನ್ನು ಈಗ ಯಾವ ಬಾಯಲ್ಲಿ ಸರಿಯಿಲ್ಲ ಅನ್ನುವುದು?

"ಆರಕ್ಕೆ ಶುರು. ಎಂಟೂವರೆಗೆ ಮುಗಿಸಿ ನಿಶ್ಚಿತಾ ಸ್ಕೂಟರಲ್ಲಿ ಬಂದ್ಬುಡ್ತೀನಿ, ನೀನು ಮುಂಚೆ ಹೋಗಿ ಎಲ್ಲ ಜೋಡಿಸಿಟ್ಟಿರು" ಎಂದರು. ಭಾನುವಾರ ಇವರು ಓಟ ಶುರುವಾಗುವ ಅರಮನೆ ಕಡೆ ಹೋದರು, ನಾನು ಕಳಶ, ಪತ್ರೆಗಳ ಚೀಲ ಹೊತ್ತು ಹೆಬ್ಬಾಳಕ್ಕೆ ಹೋದೆ.

ಎಂಟೂವರೆ ದಾಟಿದರೂ ಆಸಾಮಿಯ ಸುದ್ದಿಯಿಲ್ಲ. ಮಹದೇವಯ್ಯ ಗೇಟಿಗೂ ನಡುಮನೆಗೂ ಓಡಾಡುತ್ತಿದ್ದರು. ಅವತ್ತು ಇವರಿಗಿಂತ ಅವರೇ ಹೆಚ್ಚು ಓಡಿರಬೇಕು. ಅಷ್ಟರಲ್ಲಿ ಫೋನು ಬಂತು, ಬರೀ ಏದುಸಿರು.

"ಇನ್ನೂ ನಾಕು ಕಿಲೋಮೀಟ್ರಿದೆ ಕಣೇ. ದಾರೀಲಿ ಯಾರೋ ಮಗು ತಂದು ಕೈಗೇ ಕೊಟ್ಬುಟ್ರು, ಆಶೀರ್ವಾದ ಮಾಡಿ ಅಂತ. ಹೊತ್ತಾಗೋಯ್ತು. ಇಲ್ಲಿಗೇ ಬಿಟ್ಬುಟ್ಟು ಬರ್ತೀನಿ."

ಧ್ವನಿ ಒಡೆದಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು: ಆ ಮಗುವಿನವರ ಮೇಲೆ, ಮಹದೇವಯ್ಯನವರ ಮೇಲೆ, ಈ ಮನುಷ್ಯನ ಒಳ್ಳೆಯತನದ ಮೇಲೆ.

"ಬಿಟ್ಟು ಬಂದ್ರೆ ಕಾಲು ಮುರೀತೀನಿ. ಓಡಿ! ಇಲ್ಲಿ ನಾನ್ ನೋಡ್ಕೋತೀನಿ" ಎಂದು ಫೋನಿಟ್ಟೆ.

ಮಂತ್ರವೇನೋ ಬಾಯಿಗೆ ಬರುತ್ತದೆ. ಇಪ್ಪತ್ತೈದು ವರ್ಷದಿಂದ ಪಕ್ಕದಲ್ಲಿ ಕೂತು ಹೂವು, ಪತ್ರೆ ಎತ್ತಿಕೊಟ್ಟಿದ್ದೇನೆ. ಇವರು ಎಲ್ಲಿ ಆಕಳಿಸುತ್ತಾರೆ ಎಂಬುದೂ ಗೊತ್ತು. ಆದರೆ ಐನೋರ ಮಣೆಯ ಮೇಲೆ ಎಂದೂ ಕೂತವಳಲ್ಲ.

"ಅಮ್ಮೋರೇ, ಐನೋರು ಎಲ್ಲವ್ರೆ?" ಎಂದರು ಮಹದೇವಯ್ಯ.

"ಬರ್ತಾರೆ. ಅವ್ರು ಬರೋವರ್ಗೂ ಲಗ್ನ ಕಾಯಲ್ಲ. ನೀವು ಕೂತ್ಕೊಳಿ" ಎಂದು ಮಣೆ ಎಳೆದುಕೊಂಡು ಕೂತೇಬಿಟ್ಟೆ.

"ಹೆಂಗಸ್ರು ಮಾಡ್ಸೋದಾ?" ಎಂದು ಹಿಂದಿನಿಂದ ಯಾರೋ ಗೊಣಗಿದರು.

"ನನ್ನ ಕೊರಳಲ್ಲೂ ಲಿಂಗ ಇದೆ ಕಣಪ್ಪ" ಎಂದೆ, ತಿರುಗಿಯೂ ನೋಡದೆ. ಮಹದೇವಯ್ಯ ಇನ್ನೂ ತಲೆ ಕೆರೆಯುತ್ತಿದ್ದರು. ಅವರ ಹೆಂಡತಿ ಶಲ್ಯ ಹಿಡಿದು ಎಳೆದು ಕೂರಿಸಿದರು.

ಮೊದಲ ಮಂತ್ರಕ್ಕೆ ತಡವರಿಸಿದೆ. ಎರಡನೆಯದಕ್ಕೆ ಸರಿಹೋಯಿತು. ಆಮೇಲೆ, ಸುಳ್ಳು ಯಾಕೆ ಹೇಳಲಿ, ಖುಷಿಯಾಗತೊಡಗಿತು. ಒಂಬತ್ತಕ್ಕೆ ಸರಿಯಾಗಿ ಹಾಲೂ ಉಕ್ಕಿತು.

ಮಂಗಳಾರತಿಯ ಹೊತ್ತಿಗೆ ಇವರು ಬಾಗಿಲಲ್ಲಿ. ಅದೇ ಚಡ್ಡಿ, ಎದೆಯ ಮೇಲೆ ನಂಬರ್ ಚೀಟಿ, ಕೊರಳಲ್ಲಿ ಪದಕ. ಮುಗಿಸಿದ್ದರು! ಪಟ್ಟಿಯನ್ನು ಕೊನೆಯಿಂದ ಹುಡುಕಿದರೆ ಹೆಸರು ಬೇಗ ಸಿಗುತ್ತದೆ, ಆದರೂ ಮುಗಿಸಿದ್ದರು. ಮಹದೇವಯ್ಯ ಗಡಬಡಿಸಿ ಎದ್ದು ದಾರಿಬಿಟ್ಟರು. ಇವರು ಒಳಗೇ ಬರಲಿಲ್ಲ. ಚಪ್ಪಲಿಗಳ ಪಕ್ಕದಲ್ಲೇ ಗೋಡೆಗೆ ಒರಗಿ, ಮಡಚಲಾಗದ ಕಾಲು ನೀಡಿಕೊಂಡು ಕೂತರು. "ನೀನು ಮುಂದುವರ್ಸು" ಎಂದು ನನಗೆ ಕೈಮಾಡಿದರು.

ಆರತಿ ತಟ್ಟೆ ಹಿಡಿದು ಎಲ್ಲರ ಬಳಿ ಹೋಗಿ, ಕೊನೆಗೆ ಇವರ ಮುಂದೆ ನಿಂತೆ. ಎಲ್ಲರ ಹಾಗೆಯೇ ಎರಡೂ ಕೈ ಜೋಡಿಸಿ ನನಗೆ ತಲೆಬಾಗಿದರು. ವಿಭೂತಿ ಹಚ್ಚಿದೆ. ಬೆವರಿಗೆ ಇಳಿದುಹೋಯಿತು, ಮತ್ತೆ ಹಚ್ಚಿದೆ.

"ರಸ್ತೆವರ್ಗೂ ಕೇಳಿಸ್ತಿತ್ತು ಕಣೇ. ನಂಗಿಂತ ಚೆನ್ನಾಗಿ ಹೇಳ್ತೀಯ" ಎಂದರು.

ಅಷ್ಟು ಜನರ ಎದುರು ಅತ್ತೇಬಿಡುತ್ತಿದ್ದೆ. ಹತ್ತಿರ ಬಗ್ಗಿದ್ದೆನಲ್ಲ, ಆ ಬೆವರಿನ ನಾತಕ್ಕೆ ಬಚಾವಾದೆ.