ಬೋರಲು ಮಲಗಿದ್ದ ವೀರ

ಬಟ್ಟೆ ಒಗೆಯುವ ಕಲ್ಲಿನ ಸದ್ದು ಬೆಳಗಿನ ಅರೆನಿದ್ರೆಯೊಳಗೆ ಎಷ್ಟು ಸಲೀಸಾಗಿ ವೇಷ ಬದಲಿಸುತ್ತದೆ ಎಂಬುದನ್ನು ನೀವೂ ಗಮನಿಸಿರಬಹುದು. ನನ್ನ ಕನಸಿನಲ್ಲಂತೂ ಆ ‘ದಪ್ ದಪ್’ ಮೊದಲು ದೂರದ ಕುದುರೆಯ ಖುರಪುಟವಾಗಿ, ಆಮೇಲೆ ಯಾವುದೋ ಕೋಟೆಯ ಬಾಗಿಲು ಬಡಿತವಾಗಿ ಸಮೀಪಿಸುತ್ತಿತ್ತು; “ಯಾರು?” ಎಂದು ಕೇಳುವಷ್ಟರಲ್ಲಿ ಎಚ್ಚರವಾಗಿಬಿಡುತ್ತಿತ್ತು. ರಾಜಾಜಿನಗರದ ನಮ್ಮ ಬೀದಿಗೆ ವಾಷಿಂಗ್ ಮೆಷೀನುಗಳು ಬಂದಮೇಲೆ ಸದ್ದಡಗಿ, ನನ್ನ ಕನಸುಗಳಿಗೂ ಬಡತನ ಬಂತು. ಹಾಗಾಗಿ ಶನಿವಾರ ಸಂಜೆ ಹೇರೋಹಳ್ಳಿಗೆ ಹೋಗಿ, ತಂಗಿ ಹೊಸದಾಗಿ ಕಟ್ಟಿಸಿದ್ದ ಮನೆಯಲ್ಲಿ ಬೀಡುಬಿಡುತ್ತಿದ್ದೆ. ಪಕ್ಕದ ಹಳೆಯ ಹೆಂಚಿನ ಮನೆಯ ಪುಟ್ಟಗೌರಮ್ಮ ಇನ್ನೂ ಕಲ್ಲಿನ ಮೇಲೇ ಒಗೆಯುತ್ತಿದ್ದರು. ಅಣ್ಣ ತನ್ನ ಮೇಲಿನ ಪ್ರೀತಿಯಿಂದ ಬರುತ್ತಾನೆಂದು ತಂಗಿ ತಿಳಿದಿದ್ದಳು. ನಾನು ತಿದ್ದಲು ಹೋಗಲಿಲ್ಲ.

ಅರ್ಧ ಆಯುಷ್ಯವನ್ನು ಪುರಾತತ್ತ್ವದ ಹೆಸರಿನಲ್ಲಿ ಮಣ್ಣು ಅಗೆಯುತ್ತಾ ಕಳೆದವನು ನಾನು. ಮಡಕೆಯ ಚೂರು ಸಿಕ್ಕಿತು, ಮೂಳೆ ಸಿಕ್ಕಿತು, ಬೂದಿ ಸಿಕ್ಕಿತು. ಒಬ್ಬರ ಹೆಸರೂ ಸಿಗಲಿಲ್ಲ. ಆ ಹತಾಶೆಯಲ್ಲೇ ಕೆಲಸ ಬಿಟ್ಟು ಪತ್ತೇದಾರಿ ಕತೆ, ಮಾಯಾಲೋಕದ ಕಾದಂಬರಿಗಳಿಗೆ ಕೈಹಾಕಿದೆ. ಅಲ್ಲಿ ಕೊಂದವನಿಗೂ ಸತ್ತವನಿಗೂ ನಾಮಕರಣ ಮಾಡುವ ಸರ್ವಾಧಿಕಾರ ನನ್ನದೇ. ಕಲ್ಲೊಂದು ಬಾಯಿಬಿಟ್ಟು ಕೊಲೆಗಾರನನ್ನು ಹಿಡಿದುಕೊಡುವ ಕಾದಂಬರಿಗೆ ಪ್ರಶಸ್ತಿಯೂ ಬಂತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದವು. ಹಣ್ಣು ಮುಗಿದ ಮೇಲೂ ಉಳಿದುಕೊಂಡ ಫಲವೆಂದರೆ, ಅಂದಿನಿಂದ ನನ್ನ ಮಾತನ್ನು ಯಾರೂ ನಂಬದಿರುವುದು. ಹಾಲು ಒಡೆದಿದೆ ಎಂದರೂ ಹೆಂಡತಿ ತಾನೇ ಬಂದು ಮೂಸಿ ನೋಡುತ್ತಾಳೆ.

ಒಂದು ಭಾನುವಾರ ಯಾವ ಸದ್ದೂ ಇಲ್ಲದೆ ಎಚ್ಚರವಾಯಿತು. ಪುಟ್ಟಗೌರಮ್ಮನಿಗೂ ಮಗ ಮೆಷೀನು ತಂದುಕೊಟ್ಟಿದ್ದ. ಒಗೆಯುವ ಕಲ್ಲನ್ನು ಒಡೆದು ಕಾಂಪೌಂಡಿನ ಪಾಯಕ್ಕೆ ತುಂಬಲು ಮೇಸ್ತ್ರಿ ಸುತ್ತಿಗೆ ಹಿಡಿದು ನಿಂತಿದ್ದ. ಹಲ್ಲುಜ್ಜುತ್ತಾ ಇಣುಕಿದರೆ, ಮಣ್ಣು ಬಿಡಿಸಿದ ಅಂಚಿನಲ್ಲಿ, ಕಲ್ಲಿನ ಅಡಿಮೈಯಿಂದ ಕೆತ್ತಿದ ಪುಟ್ಟ ಪಾದವೊಂದು ಹೊರಗೆ ಕಾಣುತ್ತಿತ್ತು.

“ಒಡೀಬೇಡಿ! ಅದು ವೀರಗಲ್ಲು, ನೂರಾರು ವರ್ಷದ್ದು!” ಎಂದು ನೊರೆಬಾಯಲ್ಲೇ ಕೂಗಿದೆ.

“ನಿಮ್ ಬುಕ್ಕು ನಮ್ ಮೊಮ್ಮಗ್ಳು ಓದವ್ಳೆ ಸಾಮಿ,” ಎಂದು ಪುಟ್ಟಗೌರಮ್ಮ ನಕ್ಕರು. “ಅದ್ರಲ್ಲೂ ಕಲ್ಲು ಮಾತಾಡ್ತದಂತೆ.”

“ಅಣ್ಣ, ಮೊದ್ಲು ಬಾಯಿ ತೊಳ್ಕೊಂಡ್ ಬಾ,” ಎಂದಳು ತಂಗಿ.

“ಸಾರು ಇನ್ನೊಂದು ಪ್ರಶಸ್ತಿ ಹೊಡ್ಯಕ್ ನೋಡ್ತಾವ್ರೆ,” ಎನ್ನುತ್ತಾ ಮೇಸ್ತ್ರಿ ಸುತ್ತಿಗೆ ಎತ್ತಿದ.

ಬೇರೆ ದಾರಿ ಕಾಣದೆ ಲುಂಗಿ ಎತ್ತಿಕಟ್ಟಿ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಪ್ರಶಸ್ತಿ ವಿಜೇತನ ಪೃಷ್ಠಕ್ಕೆ ಸುತ್ತಿಗೆ ಬೀಸುವಷ್ಟು ಸಾಹಿತ್ಯದ್ವೇಷ ಅವನಲ್ಲಿರಲಿಲ್ಲ. ಕೊನೆಗೆ ಪುಟ್ಟಗೌರಮ್ಮನೇ, “ಒಂದ್ಸಲ ಮಗುಚಿ ತೋರ್ಸಪ್ಪ, ಅವರಾಸೆ ತೀರ್ಲಿ. ಏನೂ ಇಲ್ದಿದ್ರೆ ಒಡ್ದಾಕು,” ಎಂದರು.

ಹಾರೆ ಹಾಕಿ ಮಗುಚಿದರು. ಒದ್ದೆ ಮಣ್ಣನ್ನು ಕೈಯಿಂದ ಸವರುತ್ತಿದ್ದಂತೆ, ಕನಸಿನಿಂದ ಏಳುವವನ ಹಾಗೆ ಒಬ್ಬ ತರುಣ ಮೇಲೆದ್ದ. ಕೈಯಲ್ಲಿ ಬಾಗಿದ ಬಿಲ್ಲು, ಬೆನ್ನ ಹಿಂದೆ ಹಸುಗಳು, ಮೇಲಿನ ಸಾಲಿನಲ್ಲಿ ಅವನನ್ನು ಎತ್ತಿಕೊಂಡು ತೇಲಿಹೋಗುವ ಇಬ್ಬರು ಅಪ್ಸರೆಯರು. ಪುಟ್ಟಗೌರಮ್ಮ ಹತ್ತಿರ ಬಂದು ಬಗ್ಗಿ ನೋಡಿದರು.

“ಯಾರ್ ಸಾಮಿ ಇವ್ನು? ಹೆಸ್ರೇನು?”

ನನ್ನ ನಾಲಿಗೆಯ ತುದಿಯಲ್ಲಿ ಹೆಸರು ಸಿದ್ಧವಾಗಿತ್ತು. ಊರು, ಪ್ರೇಯಸಿ, ಬೆನ್ನಿಗಿರಿದ ಗೆಳೆಯ, ಎಲ್ಲರೂ ಸಾಲುಗಟ್ಟಿ ನಿಂತಿದ್ದರು. ಒಂದು ಮಾತು ಹೇಳಿದರೆ ಕಲ್ಲು ಉಳಿದೀತೇನೋ ಅನ್ನಿಸಿತು. ಆದರೆ ಇಷ್ಟು ಕಾಲ ಮಣ್ಣಿಗೆ ಮುಖವೊತ್ತಿ ಮಲಗಿದ್ದವನನ್ನು ಎಬ್ಬಿಸಿ, ಬೇರೆಯವನ ಹೆಸರು ತೊಡಿಸಲು ಮನಸ್ಸು ಬರಲಿಲ್ಲ.

“ಗೊತ್ತಿಲ್ಲಮ್ಮ. ಕಲ್ಲಿನ ಮೇಲೆ ಬರಹ ಇಲ್ಲ.”

“ಯಾವೂರೋನು?”

“ಅದೂ ಗೊತ್ತಿಲ್ಲ.”

ಮೇಸ್ತ್ರಿ ಕಿಸಕ್ಕನೆ ನಕ್ಕ. ಪುಟ್ಟಗೌರಮ್ಮ ಮಾತ್ರ ನನ್ನನ್ನೇ ದಿಟ್ಟಿಸಿ ನೋಡಿದರು. “ಕತೆ ಆಗಿದ್ರೆ ಇಷ್ಟೊತ್ಗೆ ಹೆಸ್ರು ಕುಲ ಎಲ್ಲಾ ಹೇಳ್ಬಿಡ್ತಿದ್ರಿ. ಗೊತ್ತಿಲ್ಲ ಅಂತೀರಲ್ಲ, ಹಂಗಾರೆ ದಿಟ್ವೇ ಇರ್ಬೇಕು.” ಸೆರಗಿನಿಂದ ವೀರನ ಮುಖದ ಮಣ್ಣು ಒರೆಸಿದರು. “ಇಷ್ಟ್ ವರ್ಸ ನಿನ್ ಬೆನ್ ಮೇಲೆ ಗುದ್ದಿವ್ನಲ್ಲಪ್ಪಾ…”

ಈಗ ಅವನು ಅವರ ಹೊಂಗೆ ಮರದಡಿ ಗೋಡೆಗೊರಗಿ ನಿಂತಿದ್ದಾನೆ. ಮೆಷೀನಿನಲ್ಲಿ ಕಂಬಳಿಯ ಕೊಳೆ ಹೋಗದೆಂದು ಪುಟ್ಟಗೌರಮ್ಮ ಬೇರೊಂದು ಕಲ್ಲು ಹಾಕಿಸಿಕೊಂಡಿದ್ದಾರೆ. ಅಂದು ನಾಲಿಗೆಯ ತುದಿಗೆ ಬಂದಿದ್ದ ಹೆಸರನ್ನು ನಾನು ಇನ್ನೂ ಯಾವ ಕಾದಂಬರಿಗೂ ಬಳಸಿಲ್ಲ.

ಭಾನುವಾರದ ನಸುಕಿನಲ್ಲಿ ಮತ್ತೆ ಆ ಖುರಪುಟ ಕೇಳಿಸುತ್ತದೆ, ಹತ್ತಿರವಾಗುತ್ತದೆ, ಕೋಟೆಯ ಬಾಗಿಲು ಬಡಿಯುತ್ತದೆ. ಈಚೆಗೆ ನಾನು “ಯಾರು?” ಎಂದು ಕೇಳುವುದಿಲ್ಲ. ಎದ್ದು ಹೋಗಿ ಅಗುಳಿ ತೆಗೆಯುತ್ತೇನೆ.