ಹಾಲಿನ ಮುಚ್ಚಳ, ಅನ್ನದ ಮುಚ್ಚಳ

ನೆರೆಮನೆಯ ನಾಯಿಯನ್ನು ಸವರುವುದಕ್ಕೂ ಜನ ಹೆದರುತ್ತಿದ್ದ ಕೋವಿಡ್ ಕಾಲ ಅದು. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ಶಾಲೆ ಲ್ಯಾಪ್‌ಟಾಪಿನೊಳಗೆ ಸೇರಿಕೊಂಡಿತ್ತು. ನನ್ನ ಓರಗೆಯವರು ಆ ಚಳಿಗಾಲದ ಮಾತು ಬಂದರೆ ಬನಾನಾ ಬ್ರೆಡ್ಡನ್ನೂ ಲೂಡೋ ಆಟವನ್ನೂ ನೆನೆಸಿಕೊಂಡು ನಗುತ್ತಾರೆ. ನನಗೆ ನೆನಪಾಗುವುದು ಕೋವಿಗೆ ಹಚ್ಚುವ ಎಣ್ಣೆಯ ವಾಸನೆ, ಮತ್ತೆ ಹಾಲಿನ ಬಾಟಲಿಯ ನೀಲಿ ಮುಚ್ಚಳ.

ಅಪ್ಪ ಅಮ್ಮ ವಲಸೆ ಬಂದು ನೆಲೆಸಿದ್ದ ನೇಸ್ ಪಟ್ಟಣದ ಅಂಚಿನಲ್ಲಿ ನಮ್ಮ ಮನೆ. ಹಿಂದೆ ಒಂದು ತೊರೆ, ಅದರಾಚೆ ಹೊಲಗಳು. ಅಮ್ಮ ಮೈಸೂರಿನವರು, ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿಯಿಂದ ಬಂದರೆ ನೇರ ಬಚ್ಚಲಿಗೆ, ಅಲ್ಲಿಂದ ಹಾಸಿಗೆಗೆ. ಅಪ್ಪ ಕೊಡವರು, ಮಹಡಿಯ ಕೋಣೆಯಲ್ಲಿ ಕೂತು ಕಂಪ್ಯೂಟರ್ ಕೆಲಸ ಮಾಡುತ್ತಿದ್ದರು. ಅಪ್ಪನ ತಾಯಿ ಬೇಸಿಗೆ ಕಳೆಯಲು ಬಂದು, ವಿಮಾನಗಳು ನಿಂತು ನಮ್ಮಲ್ಲೇ ಸಿಕ್ಕಿಕೊಂಡಿದ್ದರು. ಅಜ್ಜಿಗೆ ಈ ದೇಶದ ಚಳಿ ಸೇರುತ್ತಿರಲಿಲ್ಲ. ಆ ಸಿಟ್ಟನ್ನೆಲ್ಲ ಅಪ್ಪನ ಮೇಲೆ ತೀರಿಸಿಕೊಳ್ಳುತ್ತಿದ್ದರು.

ಪಕ್ಕದ ಹೊಲದ ಒಡೆಯ ಡೋನಲ್. ಅವನ ಬಾರ್ಲಿಯ ಎಳೆ ಪೈರನ್ನು ಜಿಂಕೆಗಳು ಮೇಯುತ್ತಿದ್ದವು. ಅಪ್ಪನ ಹತ್ತಿರ ಲೈಸೆನ್ಸ್ ಇರುವ ಬೇಟೆಯ ಕೋವಿ ಇತ್ತು. ತನ್ನ ಜಮೀನಿನಲ್ಲಿ ಹೊಡೆಯಬಹುದು ಎಂದು ಡೋನಲ್ ಬರೆದುಕೊಟ್ಟಿದ್ದ. ಆದರೆ ಅಪ್ಪ ಜಿಂಕೆಗಿಂತ ಹೆಚ್ಚಾಗಿ ಕಾಗದಕ್ಕೇ ಹೊಡೆಯುತ್ತಿದ್ದರು. ಮಣ್ಣಿನ ದಿಬ್ಬಕ್ಕೆ ಕಾಗದ ಸಿಕ್ಕಿಸಿ, ಮರಳು ಚೀಲದ ಮೇಲೆ ಕೋವಿ ಇಟ್ಟು, ಮೂರು ಗುಂಡು ಹಾರಿಸುವರು. ನಾನು ಓಡಿ ಹೋಗಿ ಕಾಗದ ತಂದು, ತೂತುಗಳ ಮೇಲೆ ಹಾಲಿನ ಮುಚ್ಚಳ ಇಟ್ಟು ನೋಡಬೇಕು. ಮೂರೂ ಮುಚ್ಚಳದಡಿ ಅಡಗಿದರೆ ಗೆದ್ದಂತೆ. ಹೊಸ ಬಾಟಲಿ ತೆರೆದಾಗಲೆಲ್ಲ ಅಪ್ಪ ಮುಚ್ಚಳವನ್ನು ನನ್ನತ್ತ ಎಸೆಯುವರು, ನಾನು ಹಿಡಿಯುವೆ. ಹಿಮ ಕಟ್ಟಿದ ಹುಲ್ಲು, ಫ್ಲಾಸ್ಕಿನ ಬೆಲ್ಲದ ಕಾಫಿ, ಮದ್ದಿನ ಹೊಗೆ. ಅಷ್ಟು ಸುಖದ ಆಟ ನಾನು ಮತ್ತೆ ಆಡಿಲ್ಲ.

ಒಂದು ದಿನ ಅಪ್ಪ ಮೂರೂ ತೂತು ಒತ್ತಾಗಿ ಬಿದ್ದಿದ್ದ ಅಂಥ ಕಾಗದವೊಂದನ್ನು ಊಟದ ಮೇಜಿನ ಮೇಲೆ ಇಟ್ಟರು. ಅಜ್ಜಿ ಹಂದಿ ಮಾಂಸ ಬೇಯಿಸುತ್ತಿದ್ದರು. ಊರಿನಿಂದ ತಂದಿದ್ದ ಕಾಚಂಪುಳಿಯ ಹುಳಿಗಮಲು ಮನೆಯೆಲ್ಲ ಹಬ್ಬಿತ್ತು.

"ಇದೇನು, ಜಿಂಕೆಗೆ ಅಂಗಿ ಗುಂಡಿ ಹೊಲೀತೀಯಾ?" ಎಂದರು ಅಜ್ಜಿ.

"ಅವ್ವ, ಗುರಿ ಇಷ್ಟು ಇದ್ರೆ ಪ್ರಾಣಿಗೆ ನೋವಾಗಲ್ಲ."

ಅಜ್ಜಿ ಅನ್ನದ ಪಾತ್ರೆಯ ಮುಚ್ಚಳ ತೆಗೆದು, ಹಬೆಯಾಡುತ್ತಿದ್ದ ಅದನ್ನು ಅಪ್ಪನ ಎದೆಗೆ ಒತ್ತಿ ಹಿಡಿದರು. "ಇಷ್ಟಿದ್ರೆ ಸಾಕು. ನಿನ್ನಪ್ಪ ಹಂದಿ ಹೊಡೀತಿದ್ದಿದ್ದು ಇಷ್ಟರಲ್ಲೇ. ಎದೆ ಇಷ್ಟಗಲ ಇರ್ತದೆ. ಮರಳು ಚೀಲ ಬಿಟ್ಟು, ಏದುಸಿರು ಬಿಡ್ತಾ, ಚಳೀಲಿ ನಡುಗ್ತಾ, ಇದರೊಳಗೆ ಬೀಳತ್ತಾ? ಬಿದ್ರೆ ಹೊಡಿ. ಇಲ್ಲಾಂದ್ರೆ ಇನ್ನೂ ಹತ್ತಿರ ಹೋಗು."

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಿಲ್ಲಿಸಲಿಲ್ಲ. "ಅಷ್ಟು ಗುರಿಕಾರ ಆಗಿದ್ರೆ ತೆಂಗಿನಕಾಯಿ ಯಾಕೆ ಒಡೀಲಿಲ್ಲ?"

ಕೈಲ್‌ಪೊಳ್ದ್ ಎಂದರೆ ನಮ್ಮವರು ಕೋವಿಗಳನ್ನು ಪೂಜಿಸುವ ಹಬ್ಬ. ಅವತ್ತು ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗಂಡಸರು ಗುರಿಯಿಟ್ಟು ಹೊಡೆಯುತ್ತಾರೆ. ಅಪ್ಪನ ಅಣ್ಣ ಚಿಕ್ಕ ವಯಸ್ಸಿಗೇ ಒಡೆದಿದ್ದರಂತೆ. ಅಪ್ಪ ಒಮ್ಮೆಯೂ ಒಡೆದಿರಲಿಲ್ಲ. ಅಜ್ಜಿ ಇದನ್ನು ವಾರಕ್ಕೊಮ್ಮೆಯಾದರೂ ನೆನಪಿಸುತ್ತಿದ್ದರು. ಅಪ್ಪ ಕಾಗದ ಮಡಚಿಕೊಂಡು ಮಹಡಿ ಹತ್ತಿದರು.

ಆ ವಾರದ ಕೊನೆಯಲ್ಲಿ ಬೆಳಗಾಗುತ್ತಲೇ ಹೊಲಕ್ಕೆ ಹೋದೆವು. ಬೇಲಿಯ ಪಕ್ಕ ಒಂದು ಹೆಣ್ಣು ಜಿಂಕೆ ಮೇಯುತ್ತಿತ್ತು. ಪಕ್ಕೆಯನ್ನು ಪೂರ್ತಿ ನಮ್ಮ ಕಡೆ ತಿರುಗಿಸಿ ನಿಂತಿತ್ತು. ಅನ್ನದ ಮುಚ್ಚಳ ಎಲ್ಲಿ ಕೂರುತ್ತದೆಂದು ನನಗೇ ಕಾಣುತ್ತಿತ್ತು.

"ತಲೆಗೆ ಹೊಡೀತೀನಿ," ಅಪ್ಪ ಪಿಸುಗುಟ್ಟಿದರು. "ನೀನೇ ಅಜ್ಜಿಗೆ ಹೇಳ್ಬೇಕು."

ಗುಂಡು ಹೊರಡುವ ಹೊತ್ತಿಗೆ ಅದು ತಲೆ ಎತ್ತಿತು. ಒಮ್ಮೆ ಕುಸಿದು, ಎದ್ದು, ಬೇಲಿಯ ಸಂದಿನಲ್ಲಿ ನುಗ್ಗಿ ಆಚೆ ಹೊಲಕ್ಕೆ ಹೋಗಿ ನಿಂತಿತು. ನಾವು ಬೇಲಿಯವರೆಗೆ ಓಡಿದೆವು. ಅದರ ಕೆಳದವಡೆ ಇರಲಿಲ್ಲ. ನಾಲಿಗೆ ಸುಮ್ಮನೆ ಜೋತಾಡುತ್ತಿತ್ತು. ಕಲ್ಲೆಸೆದರೂ ತಾಗುವಷ್ಟು ಹತ್ತಿರದಲ್ಲಿ ನಿಂತು ನಮ್ಮನ್ನೇ ನೋಡುತ್ತಿತ್ತು. ಅಪ್ಪ ಕೋವಿ ಎತ್ತಿದರು. ಆಮೇಲೆ ಇಳಿಸಿದರು.

"ಹೊಡಿ ಅಪ್ಪ."

"ಅದು ಡೋನಲ್ ಜಮೀನಲ್ಲ ಕಣೇ. ಪರ್ಮಿಷನ್ ಇಲ್ಲ."

"ಇಲ್ಲೇ ನಿಂತಿದೆಯಲ್ಲ."

"ಸಿಟಿಜನ್‌ಷಿಪ್ಪಿಗೆ ಅಪ್ಲಿಕೇಶನ್ ಹಾಕಿದೀವಿ. ಬೇರೆಯವರ ಜಮೀನಿಗೆ ಗುಂಡು ಹಾರಿಸಿ ಕೇಸಾದ್ರೆ ಎಲ್ಲ ಹೋಗುತ್ತೆ. ನಿಂದೂ ಸೇರಿ."

ನಾನು ಅತ್ತೆ. ಅಪ್ಪ ನನ್ನ ರಟ್ಟೆ ಹಿಡಿದು ಮನೆಗೆ ಎಳೆದುಕೊಂಡು ಬಂದರು. ಡೋನಲ್‌ಗೆ ದಾರಿಯಲ್ಲೇ ಫೋನ್ ಮಾಡಿದರು. ಆಚೆ ಹೊಲದ ಮುದುಕ ಕೋವಿಡ್ ಆಗಿ ಆಸ್ಪತ್ರೆಯಲ್ಲಿದ್ದ, ಫೋನ್ ಎತ್ತುತ್ತಿರಲಿಲ್ಲ. ಹೇಗೂ ಸಾಯುತ್ತದೆ, ಗ್ರ್ಯಾಂಡ್, ಅಂದರೆ ಪರವಾಗಿಲ್ಲ, ತಲೆ ಕೆಡಿಸಿಕೊಳ್ಳಬೇಡ ಎಂದನಂತೆ ಡೋನಲ್.

ಅಜ್ಜಿ ಬಾಗಿಲಲ್ಲೇ ಕಾದಿದ್ದರು. "ಬಿತ್ತಾ?"

ನಾನು ಇಂಗ್ಲಿಷಿನಲ್ಲೇ ಎಲ್ಲ ಹೇಳಿದೆ. ಅಜ್ಜಿಗೆ ಅರ್ಥವಾಗುವುದಕ್ಕೆ ನನ್ನ ದವಡೆಯ ಮೇಲೆ ನಾನೇ ಕೈಯಿಟ್ಟು ತೋರಿಸಿದ್ದು ಸಾಕಾಯಿತು.

ಅದು ಬೇಗ ಸಾಯಲಿಲ್ಲ. ದಿನವೂ ತೊರೆಯ ಆಚೆ ದಡಕ್ಕೆ ಬರುತ್ತಿತ್ತು, ಅದೂ ಆ ಮುದುಕನ ಜಮೀನೇ. ನನ್ನ ಪಾಠದ ಕಿಟಕಿಗೆ ಆ ತೊರೆ ನೇರ ಕಾಣುತ್ತಿತ್ತು. ಮೂತಿಯನ್ನು ನೀರಿಗೆ ಅದ್ದಿ ಎತ್ತಿದರೆ ನೀರೆಲ್ಲ ಸುರಿದುಹೋಗುತ್ತಿತ್ತು, ಮತ್ತೆ ಅದ್ದುತ್ತಿತ್ತು. ಪರದೆಯ ಮೇಲೆ ಟೀಚರ್ ಭಿನ್ನರಾಶಿ ಹೇಳಿಕೊಡುತ್ತಿದ್ದರು. ಅಜ್ಜಿ ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಊಟದ ಹೊತ್ತಿಗೆ ಅಪ್ಪನಿಗೆ ವರದಿ ಒಪ್ಪಿಸುವರು.

"ಇನ್ನೂ ನಿಂತಿದೆ ಕಣೋ ನಿನ್ನ ತೆಂಗಿನಕಾಯಿ."

ಮರುದಿನ, "ಇವತ್ತು ಮಂಡಿ ಊರಿದೆ. ಇನ್ನೊಂದು ತುಂಡು ಮಾಂಸ ಹಾಕ್ಲಾ?"

ಅಪ್ಪ ತಟ್ಟೆ ನೋಡುತ್ತಾ ನುಂಗುತ್ತಿದ್ದರು. ಕಿಟಕಿಯ ಪರದೆ ಎಳೆಯಲು ಹೋದರೆ ಅಜ್ಜಿ ಬಿಡುತ್ತಿರಲಿಲ್ಲ. ಕಾಗೆಗಳು ಕಣ್ಣಿಗೆ ಬಂದಾಗಲೂ ಅದಕ್ಕೆ ಉಸಿರಿತ್ತು. ಕೊನೆಗೊಂದು ಬೆಳಗ್ಗೆ ತಲೆ ನೀರಿನಲ್ಲಿ, ಮೈ ದಡದಲ್ಲಿ ಬಿದ್ದಿತ್ತು.

ಅವತ್ತೇ ಕೊಡಗಿನಿಂದ ದೊಡ್ಡಪ್ಪನ ವಿಡಿಯೋ ಕಾಲ್ ಬಂತು. ಅಜ್ಜಿ ಫೋನನ್ನು ಅಪ್ಪನ ಮುಖಕ್ಕೆ ತಿರುಗಿಸಿ ಹಿಡಿದರು.

"ನೋಡು, ನಿನ್ನ ತಮ್ಮ ಜಿಂಕೆ ಹೊಡೆದಿದ್ದಾನೆ. ಎದೆಗಲ್ಲ, ತಲೆಗೇ. ಕಾಯಿ ಒಡೆದ ಹಾಗೆ."

"ಭೇಷ್, ಒಡೆದೇಬಿಟ್ಟೆಯಲ್ಲ," ಎಂದರು ದೊಡ್ಡಪ್ಪ, ನಿಜವಾಗಿಯೂ ಖುಷಿಪಟ್ಟು.

ಅಪ್ಪ ಹುಟ್ಟಿದಂದಿನಿಂದ ಕಾದಿದ್ದ ಹೊಗಳಿಕೆ ಅದು. ಕೇಳುತ್ತಾ ಕೂತಿದ್ದ ಅವರ ಮುಖ ನೋಡಲು ನನಗೆ ಆಗಲಿಲ್ಲ. ಅಜ್ಜಿ ನೋಡಿದರು, ಕರೆ ಮುಗಿಯುವವರೆಗೂ.

ವಿಮಾನ ಶುರುವಾದ ಮೇಲೆ ಅಜ್ಜಿ ಊರಿಗೆ ಹೋಗಿ, ಅಲ್ಲೇ ತೀರಿಕೊಂಡರು. ನಮ್ಮಲ್ಲಿ ಸಾವಿಗೆ ಎರಡು ಗುಂಡು ಹಾರಿಸುವ ಪದ್ಧತಿ. ಅಪ್ಪ ಹೋಗಿದ್ದರು. ಕೋವಿ ಕೊಟ್ಟಾಗ ಬೇಡವೆಂದರಂತೆ, ದೊಡ್ಡಪ್ಪನೇ ಹಾರಿಸಿದರು. ಇಲ್ಲಿನ ಕೋವಿಯನ್ನು ಅದಕ್ಕೂ ಮೊದಲೇ ಮಾರಿದ್ದರು. ನಮ್ಮ ಪಾಸ್‌ಪೋರ್ಟ್‌ಗಳೂ ಬಂದವು. ಅಪ್ಪ ಹೇಳಿದ್ದು ಸುಳ್ಳಲ್ಲ, ನಂದೂ ಸೇರಿ.

ಅಜ್ಜಿಯ ನಾಲಿಗೆ ಅಪ್ಪನ ಗುರಿಯನ್ನು ಕೆಡಿಸಿತೆಂದು ಈಗ ನನಗೆ ಗೊತ್ತು. ಆದ್ದರಿಂದ ಗುರಿ ತಪ್ಪಿದ್ದನ್ನು ಕ್ಷಮಿಸಿದ್ದೇನೆ. ಎತ್ತಿದ ಕೋವಿಯನ್ನು ಇಳಿಸಿದ್ದನ್ನು ಮಾತ್ರ ಕ್ಷಮಿಸಲು ಆಗಿಲ್ಲ, ನನಗಾಗಿಯೇ ಇಳಿಸಿದ್ದರೂ. ರಜೆಗೆ ಮನೆಗೆ ಹೋದರೆ ಬೆಳಗ್ಗೆ ಅಪ್ಪ ಹೊಸ ಹಾಲಿನ ಬಾಟಲಿ ತೆರೆದು, ನೀಲಿ ಮುಚ್ಚಳವನ್ನು ಬೆರಳಲ್ಲಿ ಹಿಡಿದು ಒಂದು ಗಳಿಗೆ ನನ್ನತ್ತ ನೋಡುತ್ತಾರೆ. ನಾನು ಕೈ ಚಾಚುವುದಿಲ್ಲ. ಅವರು ಅದನ್ನು ಕಸದ ಬುಟ್ಟಿಗೆ ಹಾಕುತ್ತಾರೆ.