ಹಲ್ಲಿನ ಬೇರು ಕಾಯುವ ಪುಟ್ಟಲಕ್ಷ್ಮಮ್ಮ

"ಹಲ್ಲು ನಮ್ಮುಡುಗೀದು, ಬಾಯಿ ನಮ್ಮುಡುಗೀದು. ಮಧ್ಯದಲ್ಲಿ ನೀನ್ಯಾವಳಮ್ಮಿ ಕೇಳೋಕೆ?"

"ಕೇಳ್ತೀನಿ ಕಣಜ್ಜಿ. ಬೇಕಾದ್ರೆ ಆ ಸಗಣಿನೀರು ನನ್ ಮ್ಯಾಲೆ ಎರಚು. ನೆನ್ಕೊಂಡೇ ಕೇಳ್ತೀನಿ."

"ಓಗು ಅಂದ್ರೆ ಓಗಾಕೇನು ನಿಂಗೆ?"

ದುದ್ದ ಹೋಬಳಿಯ ಒಂದು ಹಳ್ಳಿ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಂಗಳಕ್ಕೆ ಸಗಣಿನೀರು ಹಾಕುತ್ತಿದ್ದ ದೊಡ್ಡತಾಯಮ್ಮ ಚೊಂಬು ಎತ್ತಿ ಹಿಡಿದೇ ಬೈಯುತ್ತಿದ್ದಾರೆ. ಎದುರಿಗೆ ನಿಂತವರು ಪುಟ್ಟಲಕ್ಷ್ಮಮ್ಮ. ಹಾಸನದ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಸಹಾಯಕಿ, ಮೊದಲ ಬಸ್ಸಿಗೇ ಬಂದಿಳಿದಿದ್ದಾರೆ. ಬಾಗಿಲ ಮರೆಯಲ್ಲಿ ದೊಡ್ಡತಾಯಮ್ಮನ ಎಂಟೂವರೆ ವರ್ಷದ ಮೊಮ್ಮಗಳು ಕವನಾ, ಮೇಲಿನ ಮುರುಕು ಹಲ್ಲನ್ನು ನಾಲಿಗೆಯಲ್ಲಿ ಸವರಿಕೊಳ್ಳುತ್ತ ಇಬ್ಬರನ್ನೂ ನೋಡುತ್ತಿದ್ದಾಳೆ.

ಇದು ಎರಡೂವರೆ ವರ್ಷದ ಹಿಂದಿನ ಬೆಳಗು. ಪುಟ್ಟಲಕ್ಷ್ಮಮ್ಮ ಅದನ್ನು ಹೇಳುವಾಗ ಇವತ್ತಿಗೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

ಶಾಲೆಯ ನಲ್ಲಿ ಕಟ್ಟೆಗೆ ಬಿದ್ದು ಕವನಾಳ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಒಳಗಿನ ಜೀವ ಸತ್ತು ಒಸಡಿನಲ್ಲಿ ಕೀವುಗುಳ್ಳೆ ಎದ್ದಿತ್ತು. ದೊಡ್ಡವರಾಗಿದ್ದರೆ ಬೇರು ತೊಳೆದು ತುಂಬಿ ಕಳಿಸಬಹುದು. ಮಕ್ಕಳ ಹೊಸ ಹಲ್ಲು ಹಾಗಲ್ಲ. ಅದರ ಬೇರು ಇನ್ನೂ ಬೆಳೆಯುತ್ತಿರುತ್ತದೆ. ಪರಂಗಿ ಎಲೆಯ ದಂಟಿನ ಹಾಗೆ ಗೋಡೆ ತೆಳು, ತುದಿ ತೆರೆದೇ ಇರುತ್ತದೆ. ಅದಕ್ಕೆ ಮೊದಲ ಸಲ ಒಳಗೆ ತೊಳೆದು ಔಷಧಿ ಇಡುತ್ತಾರೆ. ಮೂರ್ನಾಲ್ಕು ವಾರ ಬಿಟ್ಟು ಬೇರಿನ ತುದಿಯಾಚೆ ಮೆಲ್ಲಗೆ ಕೆದಕಿ ರಕ್ತ ಬರಿಸಿ, ಅದು ಹೆಪ್ಪುಗಟ್ಟಿದ ಮೇಲೆ ಹಲ್ಲಿನ ತೂತು ಮುಚ್ಚುತ್ತಾರೆ. ಆ ಹೆಪ್ಪನ್ನೇ ಆಸರೆ ಮಾಡಿಕೊಂಡು ಬೇರು ಮತ್ತೆ ಬೆಳೆಯಬೇಕು.

ಆದರೆ ಔಷಧಿ ಇಟ್ಟ ನಾಲ್ಕೇ ದಿನಕ್ಕೆ ನೋವು ಹೋಗುತ್ತದೆ. ನೋವು ಹೋಯಿತು ಅಂದರೆ ನಮ್ಮ ಜನಕ್ಕೆ ಆಸ್ಪತ್ರೆಯೂ ಮರೆತುಹೋಯಿತು. ಕವನಾಳ ಮನೆಯವರೂ ಎರಡನೇ ಸಲ ಬರಲಿಲ್ಲ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ, ಅಜ್ಜಿ ದಾರ ಹೊಸೆದು ಇಟ್ಟುಕೊಂಡಿದ್ದರು. ಮುರುಕು ಹಲ್ಲು ಕಿತ್ತು, ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆದರೆ ಹೊಸದು ಬರುತ್ತದೆ ಎಂಬುದು ಅವರ ಲೆಕ್ಕ. ಆ ಮನೆಯ ಮಕ್ಕಳ ಹಾಲುಹಲ್ಲೆಲ್ಲ ಹಾಗೇ ಅವರ ಕೈಯಲ್ಲೇ ಹೆಂಚು ಸೇರಿದ್ದು.

"ಅಜ್ಜಿ, ಒಂದ್ಮಾತು ಯೋಳು," ಅನ್ನುತ್ತಾರೆ ಪುಟ್ಟಲಕ್ಷ್ಮಮ್ಮ. "ಇದೇ ಜಾಗದ ಹಲ್ಲು ಒಂದ್ಸಲ ಎಸ್ದಿದ್ಯಾ?"

"ಎಸೀದೆ? ಓದೊರ್ಸದ ಇಂದ್ಲೊರ್ಸ, ಉಗಾದಿ ಮಾರ್ನೆ ದಿನ. ನಾನೇ ಎಸ್ದೆ."

"ಅಂಗಾರೆ ಹಾಲುಹಲ್ಲು ಅವತ್ತೇ ಓಯ್ತು. ಇದು ಎರಡ್ನೇದು. ಇದ್ನೂ ಎಸುದ್ರೆ ಮೂರ್ನೇದು ಎಲ್ಲಿಂದ ಬತ್ತದೆ, ಹೆಂಚಿಂದ ಇಳ್ಕೊಂಡು ಬತ್ತದಾ?"

ದೊಡ್ಡತಾಯಮ್ಮ ಹೆಂಚಿನ ಕಡೆ ನೋಡುತ್ತಾರೆ. ಚೊಂಬು ನೆಲಕ್ಕಿಳಿಯುತ್ತದೆ. ಆಮೇಲೆ, "ಬಾಯಿ ಜೋರು ಕಣಮ್ಮಿ ನಿಂದು. ಕಾಪಿ ಕುಡಿ ಮೊದ್ಲು."

ಹೀಗೆ ಬೈಸಿಕೊಳ್ಳುವ ಕೆಲಸವನ್ನು ಯಾರೂ ಪುಟ್ಟಲಕ್ಷ್ಮಮ್ಮನಿಗೆ ಕೊಟ್ಟದ್ದಲ್ಲ. ಅರಕಲಗೂಡು ಕಡೆಯವರು, ಏಳನೇ ಕ್ಲಾಸು. ಹದಿನಾರು ವರ್ಷದ ಹಿಂದೆ ಆಸ್ಪತ್ರೆಗೆ ಸೇರಿದ್ದು ಕಸ ಗುಡಿಸಲು. ಈಗ ದಿನಕ್ಕೆ ಮೂವತ್ತೈದು ಜನ ಬಂದರೆ ಮೂವತ್ತೈದು ಜನರ ಸಾಮಾನು ತೊಳೆದು ಹಬೆಗೆ ಹಾಕುವವರು ಅವರೇ. ಕುರ್ಚಿಯ ಮೇಲೆ ನಡುಗುವ ಮಗುವಿನ ಕೈ ಹಿಡಿಯುವವರೂ ಅವರೇ. ಹಲ್ಲು ಉಳಿದರೆ ಹೆಸರು ಡಾಕ್ಟರಿಗೆ. ತಪ್ಪೇನಿಲ್ಲ, ವಿದ್ಯೆ ಅವರದು. ಆದರೆ ಮಗುವೇ ಬರದಿದ್ದರೆ ಆ ವಿದ್ಯೆಯನ್ನು ಗೋಡೆಗೆ ತೂಗುಹಾಕಬೇಕು ಅಷ್ಟೆ.

ಬಾರದ ಮಕ್ಕಳ ಊರಿಗೆ ಅವರು ಹೋಗುವುದು ಡೈರಿಗೆ ಹಾಲು ಹಾಕುವ ಹೊತ್ತಿಗೇ. "ಆವಾಗ ಮನೆ ಮಂದಿಯೆಲ್ಲ ಸಿಕ್ತಾರೆ. ಎಂಟು ಗಂಟೆ ಆದ್ಮೇಲೆ ಓದ್ರೆ ನಾಯಿ ಒಂದೇ ಸಿಗೋದು," ಎಂದು ನಗುತ್ತಾರೆ. ಹೊಳೆನರಸೀಪುರ, ಚನ್ನರಾಯಪಟ್ಟಣದ ಹಳ್ಳಿಗಳಿಗೂ ಹೀಗೇ ಹೋಗಿದ್ದಾರೆ. ಹೋದ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ತಾರೀಖಿಗೆ ತಾವೇ ಒಂದು ಹಲ್ಲು ಬರೆದು ಬರುತ್ತಾರೆ. ಏಳು ವರ್ಷದಲ್ಲಿ ಅರವತ್ತೆರಡು ಮಕ್ಕಳು. ಒಂಬತ್ತು ಹಲ್ಲು ಕೂಡಿಬರಲಿಲ್ಲ. ಆ ಒಂಬತ್ತೂ ಮಕ್ಕಳ ಹೆಸರು ಕೇಳಿದರೆ ತಡವರಿಸದೆ ಹೇಳುತ್ತಾರೆ.

ಅವರ ಮಗಳು ರಂಜಿನಿಯ ಹೆಸರು ಆ ಪಟ್ಟಿಯಲ್ಲಿಲ್ಲ. "ಅವ್ಳಿಗೆ ಒಂಬತ್ತು ವರ್ಸ. ಮುಂದ್ಲಲ್ಲು ಮುರೀತು. ನಾನೇ ಕಿತ್ತು ಎಸ್ದೆ. ಬತ್ತದೆ ಬತ್ತದೆ ಅಂತ ಎರಡೊರ್ಸ ಕಾದೆ. ಬರ್ಲೇ ಇಲ್ಲ." ರಂಜಿನಿಗೆ ಈಗ ಮದುವೆಯಾಗಿದೆ, ಕಟ್ಟಿಸಿದ ಹಲ್ಲಿದೆ. ಆದರೂ ನಗುವಾಗ ಕೈ ತಾನಾಗಿ ಬಾಯಿಗೆ ಹೋಗುತ್ತದೆ. "ಅವ್ಳು ಹಲ್ಲಿಗೆ ಕೈ ಅಡ್ಡ ಇಟ್ರೆ ನಾನು ಆ ಕಡೆ ಮುಖ ತಿರುಗುಸ್ತೀನಿ."

ಕಾಫಿ ಕುಡಿದ ಆ ಬೆಳಗ್ಗೆಯೇ ಮೂವರೂ ಹಾಸನದ ಬಸ್ಸು ಹತ್ತಿದರು. ಡಾಕ್ಟರ್ ಗಂಗಾಂಬಿಕೆ ಹಲ್ಲಿನೊಳಗೆ ರಕ್ತ ಬರಿಸಿದ್ದೇ ತಡ, ಅಜ್ಜಿ ಎದ್ದು ನಿಂತರು. "ವಾಸಿ ಮಾಡ್ತೀವಿ ಅಂದು ರಕ್ತ ಬರುಸ್ತೀರಲ್ಲ." ಪುಟ್ಟಲಕ್ಷ್ಮಮ್ಮ ತೋಳು ಹಿಡಿದು ಕೂರಿಸಿದರು. "ಒಣಭೂಮಿಗೆ ರಾಗಿ ಬಿತ್ತೀಯಾ ಅಜ್ಜಿ? ಹದ ಮಾಡ್ತಾವ್ರೆ, ಸುಮ್ಕಿರು." ಬೇಸಾಯದ ಮಾತು ಅಜ್ಜಿಗೆ ಹಿಡಿಸಿತು. ಕೂತರು.

ಆರು ತಿಂಗಳಿಗೊಮ್ಮೆ ಎಕ್ಸ್‌ರೇ. ಮೂರು ಸಲ ಅವರಾಗಿ ಬಂದರು, ಒಂದು ಸಲ ಪುಟ್ಟಲಕ್ಷ್ಮಮ್ಮ ಮತ್ತೆ ಅಂಗಳದಲ್ಲಿ ನಿಲ್ಲಬೇಕಾಯಿತು.

ಹೋದ ತಿಂಗಳ ಎಕ್ಸ್‌ರೇಯಲ್ಲಿ ಬೇರಿನ ಗೋಡೆ ದಪ್ಪಗಾಗಿದೆ, ತುದಿ ಕೂಡಿಕೊಂಡಿದೆ. ಗಂಗಾಂಬಿಕೆಯವರು ಅದನ್ನು ಬೆಳಕಿಗೆ ಹಿಡಿದು, "ಆಯ್ತಜ್ಜಿ. ಇನ್ನು ಇದಕ್ಕಾಗಿ ಬರೋದು ಬೇಡ," ಎನ್ನುತ್ತಾರೆ.

"ಇವಳ ಕಾಟಾನೂ ಮುಗೀತಾ?" ದೊಡ್ಡತಾಯಮ್ಮ ಪುಟ್ಟಲಕ್ಷ್ಮಮ್ಮನ ಕಡೆ ಕೈ ತೋರಿಸುತ್ತಾರೆ.

"ಮುಗೀತು ಕಣಜ್ಜಿ. ದೇವ್ರಾಣೆ ನಿನ್ ಮುಖ ನೋಡಲ್ಲ."

"ನೋಡ್ಬೇಡ. ಓಗಿ ಬತ್ತೀನಿ ಅಂತಾನೂ ಅನ್ನಲ್ಲ ನಾನು."

ಹನ್ನೊಂದು ವರ್ಷದ ಕವನಾ ಅಜ್ಜಿಯ ಮಾತಿಗೆ ಜೋರಾಗಿ ನಗುತ್ತಾಳೆ, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು. ನಗುತ್ತಲೇ ಮೆಟ್ಟಿಲಿಳಿದು ರಸ್ತೆಗೆ ಹೋಗುತ್ತಾಳೆ, ತಿರುಗಿ ನೋಡುವುದಿಲ್ಲ.

"ವಾಸಿಯಾಗಿ ಓದೋರು ವಾಪಸ್ ಬರ್ಬಾರ್ದು," ಅನ್ನುತ್ತಾರೆ ಪುಟ್ಟಲಕ್ಷ್ಮಮ್ಮ. "ನಂಗೆ ಇನ್ನೇನು ಬ್ಯಾಡ."

ಆ ಮನೆಯವರು ಆಮೇಲೆ ಬಂದಿಲ್ಲ.